ಬೇಲಿಯ ಎಂಟನೆಯ ಗೂಟ: ಮಂಜಿನಲ್ಲಿ ಚಿತ್ರ ತೆಗೆದ ನನ್ನ ಅನುಭವ

ಮೊದಲ ಸಲ ಮಂಜಿನಲ್ಲಿ ಕ್ಯಾಮೆರಾ ಹಿಡಿದು ಹೋದಾಗ ಇನ್ನೂರರ ಹತ್ತಿರ ಚಿತ್ರ ತೆಗೆದಿದ್ದೆ. ಉಳಿಸಿಕೊಳ್ಳುವಂಥದ್ದು ಒಂದೂ ಸಿಗಲಿಲ್ಲ. ಕಣ್ಣಿಗೆ ಹಾಲಿನಂತೆ ಬೆಳ್ಳಗೆ ಕಂಡಿದ್ದ ಕಣಿವೆ ಪರದೆಯ ಮೇಲೆ ಮಾಸಿದ ಬಟ್ಟೆಯ ಬಣ್ಣಕ್ಕೆ ಇಳಿದಿತ್ತು. ಮಂಜು ತಾನೇ ಅಷ್ಟು ಚೆಂದ ಇರುವಾಗ ಎತ್ತ ತಿರುಗಿಸಿ ಒತ್ತಿದರೂ ಚಿತ್ರ ಬರುತ್ತದೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿಯಲು ಎರಡು ಚಳಿಗಾಲ ಹಿಡಿಯಿತು.

ಬೂದು ಬಣ್ಣದ ಕಾರಣ ಬೇಗ ಗೊತ್ತಾಯಿತು. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದಿಗೆ ತರಲು ನೋಡುತ್ತದೆ. ಬಿಳಿ ಮಂಜು ತೋರಿಸಿದರೆ ಅದನ್ನೂ ಬೂದು ಮಾಡಿಬಿಡುತ್ತದೆ. ಹಾಗಾಗಿ ಈಗ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಪ್ಲಸ್ 1ಕ್ಕೆ ಇಟ್ಟೇ ಶುರುಮಾಡುತ್ತೇನೆ. ಮಂಜು ದಟ್ಟವಾಗಿದ್ದರೆ ಒಂದೂವರೆಗೂ ಹೋಗುತ್ತೇನೆ. ಮಂಜಿನ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ನಕ್ಷೆ) ಅಗಲಕ್ಕೆ ಹರಡುವುದಿಲ್ಲ, ಒಂದೇ ಗುಡ್ಡದಂತೆ ನಿಂತಿರುತ್ತದೆ. ಆ ಗುಡ್ಡ ಬಲಗಡೆ ಇರಬೇಕು, ಆದರೆ ಬಲ ಅಂಚಿಗೆ ತಾಗಬಾರದು. ಸೂರ್ಯ ಇಣುಕಿದ ಕೂಡಲೇ ಈ ಲೆಕ್ಕವೆಲ್ಲ ಬದಲಾಗುತ್ತದೆ, ಆಗ ಪ್ಲಸ್ ಇಳಿಸಲೇಬೇಕು. ಚಿತ್ರ ಯಾವಾಗಲೂ ರಾ ಫೈಲಿನಲ್ಲೇ, ಅಂದರೆ ಸೆನ್ಸರ್ ಕಂಡದ್ದು ಹಾಗೇ ಉಳಿಯುವ ಫೈಲಿನಲ್ಲಿ. ಮಂಜಿನಲ್ಲಿ ಮೆಲ್ಲಗೆ ಒಂದರಿಂದೊಂದಕ್ಕೆ ಬದಲಾಗುವ ಬಣ್ಣಗಳನ್ನು ಜೆಪೆಗ್‌ನಲ್ಲಿ ಎಡಿಟ್ ಮಾಡುತ್ತ ಸ್ವಲ್ಪ ಎಳೆದರೂ ಪಟ್ಟೆಪಟ್ಟೆಯಾಗಿ ಒಡೆಯುತ್ತವೆ.

ತಿಳಿಯಲು ತಡವಾಗಿದ್ದು ಮಂಜು ದೂರವನ್ನು ತೋರಿಸುವ ಬಗೆ. ಒಂದು ಬೆಳಗ್ಗೆ ಹುಲ್ಲುಗಾವಲಿನ ಬೇಲಿಯ ಪಕ್ಕದಲ್ಲಿ, ಮಂಜು ತೆಳುವಾಗಲಿ ಎಂದು ಕಾಯುತ್ತ ನಿಂತಿದ್ದೆ. ಹೊತ್ತು ಹೋಗದೆ ಬೇಲಿಯ ಗೂಟಗಳನ್ನು ಎಣಿಸತೊಡಗಿದೆ. ಮೊಣಕಾಲಿಗೆ ತಾಗುವಂತಿದ್ದ ಮೊದಲನೆಯದು ಕಪ್ಪು. ಅದರ ಬಿರುಕಿನಲ್ಲಿದ್ದ ಪಾಚಿಯ ಹಸಿರೂ ಕಾಣುತ್ತಿತ್ತು. ಮೂರನೆಯದರಲ್ಲಿ ಪಾಚಿ ಇಲ್ಲ, ಬರೀ ಕಡುಬೂದು. ಐದನೆಯದು ಪೆನ್ಸಿಲಿನಲ್ಲಿ ಎಳೆದ ಗೆರೆ. ಎಂಟನೆಯದು ಇದೆ ಎಂದುಕೊಂಡು ನೋಡಿದರೆ ಮಾತ್ರ ಇತ್ತು. ಆಚೆಗೆ ತಂತಿಯೊಂದೇ ಹನಿಗಳನ್ನು ಹೊತ್ತು ಬಿಳುಪಿನೊಳಗೆ ಹೋಗುತ್ತಿತ್ತು. ಮಂಜು ತೆಳುವಾಗುವುದನ್ನು ಕಾಯುವುದು ಬಿಟ್ಟು ಆ ಬೇಲಿಯನ್ನೇ ತೆಗೆದೆ. ಮಂಜಿನಲ್ಲಿ ನಾನು ಉಳಿಸಿಕೊಂಡ ಮೊದಲ ಚಿತ್ರ ಅದು.

ಅಂದಿನಿಂದ ಮಂಜಿನಲ್ಲಿ ನಾನು ಹುಡುಕುವುದು ಆ ಮೊದಲ ಗೂಟವನ್ನು. ಹತ್ತಿರದಲ್ಲಿ ಕಪ್ಪಾಗಿ ಗಟ್ಟಿಯಾಗಿ ನಿಲ್ಲುವ ಮರವೋ ಬಂಡೆಯೋ ದೋಣಿಯೋ ಒಂದು ಬೇಕು. ಅದಿಲ್ಲದೆ ಹೋದರೆ ಹಿಂದಿನದ್ದು ಮಾಸುತ್ತಿದೆ ಎಂದು ನೋಡುವವರಿಗೆ ಗೊತ್ತಾಗುವುದೇ ಇಲ್ಲ. ಅದು ಸಿಕ್ಕ ಮೇಲೆ ಕಾಲಿಗೆ ಕೆಲಸ. ಮರಕ್ಕೆ ಹತ್ತು ಹೆಜ್ಜೆ ಹತ್ತಿರ ಹೋದರೆ ಅದು ಕಪ್ಪಾಗುತ್ತದೆ, ಹಿಂದೆ ಸರಿದರೆ ತೇಲುತ್ತದೆ. ಉಳಿದ ದಿನ ಬೆಳಕು ಮಾಡುವ ಕೆಲಸವನ್ನು ಮಂಜಿನ ದಿನ ನಾನು ನಡೆದು ಮಾಡುತ್ತೇನೆ. ಹತ್ತಿರದ್ದು ಸಿಕ್ಕಾಗ ಅಗಲದ ಲೆನ್ಸ್ ಸಾಕು. ಒಂದರ ಹಿಂದೊಂದು ಸಾಲಾಗಿ ಗುಡ್ಡಗಳಿದ್ದಾಗ ಮಾತ್ರ ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಜೂಮ್ ಲೆನ್ಸ್ ಹೊರಬರುತ್ತದೆ. ಪದರ ಪದರವಾಗಿ ಅವುಗಳನ್ನು ಪಕ್ಕಪಕ್ಕಕ್ಕೆ ತಂದಿಡಲು ಅದೇ ಸರಿ.

ಇದೇ ಕಾರಣಕ್ಕೆ ಎಡಿಟಿಂಗ್‌ನಲ್ಲಿ ಮಂಜು ತೆಗೆಯುವ ಡೀಹೇಜ್ ಸ್ಲೈಡರನ್ನು ಬಲಕ್ಕೆ ಎಳೆಯುವುದಿಲ್ಲ. ಎಳೆದರೆ ಎಂಟನೆಯ ಗೂಟ ಎದ್ದು ಬರುತ್ತದೆ, ಅದು ಹತ್ತಿರವೇ ಇದ್ದಂತೆ ಕಂಡು ಬೇಲಿಯ ಉದ್ದ ಕುಗ್ಗುತ್ತದೆ. ಹತ್ತಿರದ ವಸ್ತುವಿನ ಕಪ್ಪನ್ನಷ್ಟೇ ಕರ್ವ್ಸ್‌ನಲ್ಲಿ (ಕಪ್ಪು-ಬಿಳುಪು ಹೊಂದಿಸುವ ಸಾಧನ) ತುಸು ಗಾಢ ಮಾಡುತ್ತೇನೆ, ಅಷ್ಟೆ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋಗೆ ಬಿಟ್ಟರೆ ಬೆಳಗಿನ ನೀಲಿಯನ್ನು ತೊಳೆದುಹಾಕುತ್ತದೆ. ಹಗಲ ಬೆಳಕಿನ ಮಟ್ಟಕ್ಕೆ, 5200 ಕೆಲ್ವಿನ್ ಆಸುಪಾಸಿನಲ್ಲಿಟ್ಟರೆ ನೀಲಿ ಉಳಿಯುತ್ತದೆ.

ಆಟೋಫೋಕಸ್ ಮಂಜಿನಲ್ಲಿ ಹಿಂದೆ ಮುಂದೆ ತಡಕಾಡುತ್ತದೆ, ಅದಕ್ಕೆ ಹಿಡಿಯಲು ಅಂಚು ಬೇಕು. ಪರದೆಯಲ್ಲಿ ಕಾಣುವ ಲೈವ್ ವ್ಯೂ ಚಿತ್ರವನ್ನು ಹಿಗ್ಗಿಸಿ, ಮರದ ಕಾಂಡಕ್ಕೂ ಬಿಳುಪಿಗೂ ನಡುವಿನ ಗೆರೆಯ ಮೇಲೆ ಕೈಯಿಂದಲೇ ಫೋಕಸ್ ಮಾಡುತ್ತೇನೆ. ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಎಫ್ 8. ಎಫ್ 16ಕ್ಕೆ ಹೋದರೆ ಕಿಂಡಿ ಕಿರಿದಾಗಿ ಸೆನ್ಸರ್ ಮೇಲಿನ ಒಂದೊಂದು ಧೂಳೂ ಬಿಳುಪಿನ ಮೇಲೆ ಚುಕ್ಕೆಯಾಗಿ ಕೂರುತ್ತದೆ. ಫ್ಲಾಶ್ ಬೇಡವೇ ಬೇಡ, ಎದುರಿನ ಹನಿಗಳೇ ಬೆಳಗಿ ಬಿಳಿ ಗೋಡೆ ಎದ್ದುಬಿಡುತ್ತದೆ.

ಹೊತ್ತಿನ ಬಗ್ಗೆ ಒಂದು ಮಾತು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಹಿಂದಿನ ದಿನದ ಮಳೆಯಿಂದ ನೆಲ ಒದ್ದೆಯಿದ್ದರೆ ತಗ್ಗಿನಲ್ಲಿ ಮಂಜು ಕಟ್ಟುತ್ತದೆ. ಅಂಥ ಸಂಜೆ ಕಂಡರೆ ಅಲಾರಂ ಇಟ್ಟು ಮಲಗುತ್ತೇನೆ. ಸೂರ್ಯ ಹುಟ್ಟಿದ ಹೊಸದರಲ್ಲಿ ಗಾಳಿ ಕದಡಿ ಮಂಜು ಕೆಲವು ಸಲ ಇನ್ನೂ ದಟ್ಟವಾಗುತ್ತದೆ. ಇನ್ನು ಮುಗಿಯಿತು ಎಂದು ಆ ಹೊತ್ತಿಗೆ ಟ್ರೈಪಾಡ್ ಮಡಚಿ, ಹತ್ತೇ ನಿಮಿಷದ ಆಚೆಗಿದ್ದ ಬೆಳಕನ್ನು ನಾನು ಕಳೆದುಕೊಂಡಿದ್ದೇನೆ. ಈಗ ಕಾಯುತ್ತೇನೆ. ಮಂಜು ಹರಿಯುವ ಮುನ್ನ ಸೂರ್ಯನಿಗೆ ಎದುರಾಗಿ ನಿಂತು, ಸೂರ್ಯ ಸರಿಯಾಗಿ ಮರದ ಕಾಂಡದ ಹಿಂದೆ ಬರುವಂತೆ ಜರುಗಿದರೆ ಕೊಂಬೆಗಳ ಸಂದಿಯಿಂದ ಬೆಳಕಿನ ಕೋಲುಗಳು ಇಳಿಯುತ್ತವೆ. ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚೆದುರಿಸುವುದರಿಂದ ಬೆನ್ನಿಗೆ ಸೂರ್ಯನಿದ್ದರೆ ಇಷ್ಟು ಹೊಳಪು ಸಿಗುವುದಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಹೋದರೂ ಸೂರ್ಯ ಲೆನ್ಸಿಗೆ ಹೊಡೆದು ಎಲ್ಲ ತೊಳೆದುಹೋಗುತ್ತದೆ.

ನೀರಿನ ಕಾಟ ಕೊನೆಯವರೆಗೂ ಇದ್ದದ್ದೇ. ಒಮ್ಮೆ ಲೆನ್ಸಿನ ಮೇಲೆ ಹನಿ ಕೂತಿದ್ದನ್ನು ನೋಡದೆ ಅರ್ಧ ಗಂಟೆಯ ಚಿತ್ರಗಳೆಲ್ಲ ಹಾಳಾದವು. ಚಿತ್ರವಿಡೀ ಮೆತ್ತಗಿದ್ದರೆ ಮಂಜೆಂದೇ ಅನಿಸುತ್ತದೆ, ಮೋಸ ಹೋಗುವುದು ಅಲ್ಲೇ. ಈಗ ಲೆನ್ಸಿನ ಮುಂದೆ ಮರೆಯಾಗಿ ಹಾಕುವ ಲೆನ್ಸ್ ಹುಡ್ ಕಳಚುವುದೇ ಇಲ್ಲ, ನಾಲ್ಕೈದು ಚಿತ್ರಕ್ಕೊಮ್ಮೆ ಮುಂದಿನ ಗಾಜನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡುತ್ತೇನೆ. ಎರಡು ಒಣ ಮೈಕ್ರೋಫೈಬರ್ ಬಟ್ಟೆ ಒಳಜೇಬಿನಲ್ಲಿರುತ್ತವೆ. ವಾಪಸು ಹೊರಡುವಾಗ ಮೆಮೊರಿ ಕಾರ್ಡ್ ಅಲ್ಲೇ ತೆಗೆದುಕೊಂಡು, ತಣ್ಣಗಿರುವ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ ಮುಚ್ಚುತ್ತೇನೆ. ಮನೆಯೊಳಗಿನ ಬೆಚ್ಚಗಿನ ಗಾಳಿ ತಾಗಿದರೆ ಅದರ ಮೇಲೆಲ್ಲ ನೀರು ಕೂರುತ್ತದೆ. ಚೀಲ ತೆರೆಯುವುದು ಅದು ಕೋಣೆಯಷ್ಟೇ ಬೆಚ್ಚಗಾದ ಮೇಲೆ. ಅಷ್ಟರಲ್ಲಿ ಕಾರ್ಡಿನಲ್ಲಿರುವುದನ್ನು ನೋಡಿ ಮುಗಿಸಿರುತ್ತೇನೆ.