ಕಿತ್ತಳೆ ದ್ರಾವಣದಿಂದ ನೇರಳೆ ಪದರಕ್ಕೆ: ಪಿ3ಎಚ್‌ಟಿ ಫಿಲ್ಮ್ ಮಾಡುವ ಬಗೆ

ಪ್ರಾಜೆಕ್ಟ್‌ಗೆ ಬರುವ ಎಂಎಸ್ಸಿ ಮಕ್ಕಳಿಗೆ ನಾನು ಮೊದಲ ವಾರ ಕೊಡುವುದು ಪಿ3ಎಚ್‌ಟಿ. ಇದು ಕರೆಂಟ್ ಹರಿಸುವ ಪ್ಲಾಸ್ಟಿಕ್. ಇದರ ತೆಳು ಪದರವನ್ನು, ಅಂದರೆ ಫಿಲ್ಮನ್ನು, ಸಿಲಿಕಾನ್ ಮೇಲೆ ಹಾಕಿ ಟ್ರಾನ್ಸಿಸ್ಟರ್ ಮಾಡುತ್ತೇವೆ. ಕೆಲಸ ಸರಿಯಾಯಿತೋ ಕೆಟ್ಟಿತೋ ಅನ್ನೋದು ಇದರ ಬಣ್ಣದಲ್ಲೇ ಗೊತ್ತಾಗುತ್ತದೆ. ಅದಕ್ಕೇ ಇದು ನನಗೆ ಇಷ್ಟ.

ಮೊದಲು ತೊಳೆಯಬೇಕು. ಇದಕ್ಕೆ ಅರ್ಧ ದಿನ ಹೋದರೂ ಹೋಗಲಿ. ನಿಮ್ಮ ಪದರದ ದಪ್ಪ ಸುಮಾರು 50 ನ್ಯಾನೋಮೀಟರ್ ಅಷ್ಟೇ, ಅದರ ಮುಂದೆ ಒಂದು ಧೂಳಿನ ಕಣ ಅಂದರೆ ಬೆಟ್ಟ. 300 ನ್ಯಾನೋಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ತುಂಡನ್ನೂ, ಜೊತೆಗೆ ಒಂದು ಗಾಜಿನ ತುಂಡನ್ನೂ ಸೋಪಿನ ನೀರು, ಡಿಐ ನೀರು (ಅಯಾನುಗಳನ್ನು ತೆಗೆದ ಶುದ್ಧ ನೀರು), ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್), ಹೀಗೆ ಒಂದೊಂದರಲ್ಲೂ 10 ನಿಮಿಷ, ಶಬ್ದದ ಅಲೆಗಳಿಂದ ಕೊಳೆ ಬಿಡಿಸುವ ಸೋನಿಕೇಟರ್‌ನಲ್ಲಿಡಿ. ಅಸಿಟೋನ್ ಆರಲು ಬಿಡಬೇಡಿ, ಕಲೆ ಉಳಿಯುತ್ತದೆ. ಒದ್ದೆ ಇರುವಾಗಲೇ ಐಪಿಎಗೆ ಹಾಕಿ. ಆಮೇಲೆ ನೈಟ್ರೋಜನ್ ಊದಿ ಒಣಗಿಸಿ.

ಆಕ್ಸೈಡ್ ಮೇಲಿನ ಓಎಚ್ ಗುಂಪುಗಳು ಚಾರ್ಜ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಅದಕ್ಕೇ ಸಿಲಿಕಾನ್ ತುಂಡಿಗೆ, ಆ ಗುಂಪುಗಳನ್ನು ಮುಚ್ಚಿಬಿಡುವ ಎಚ್‌ಎಂಡಿಎಸ್ ಅನ್ನೋ ರಾಸಾಯನಿಕದ ಹಬೆ ಕೊಡುವುದು. ಬಳಸದ ಒಂದು ಚೂರಿನ ಮೇಲೆ ನೀರಿನ ಹನಿ ಬಿಟ್ಟು ನೋಡಿ. ಹರಡದೆ ಉಬ್ಬಿ ನಿಂತರೆ ಸರಿಯಾಗಿದೆ.

ಪಿ3ಎಚ್‌ಟಿ ಬಾಟಲಿ ಮೇಲೆ ರೀಜಿಯೋರೆಗ್ಯುಲರ್ ಅಂತ ಇರಲೇಬೇಕು, ಅಂದರೆ ಸರಪಳಿಯ ಕೊಂಡಿಗಳೆಲ್ಲ ಒಂದೇ ದಿಕ್ಕಿಗೆ ಜೋಡಿಸಿಕೊಂಡಿರಬೇಕು. 10 ಮಿಲಿಗ್ರಾಂ ಪಿ3ಎಚ್‌ಟಿಗೆ 1 ಮಿಲಿಲೀಟರ್ ಕ್ಲೋರೋಬೆಂಜೀನ್. ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. 60 ಡಿಗ್ರಿಯಲ್ಲಿ ಕಲಕುತ್ತಿದ್ದರೆ ಕಡು ಕಿತ್ತಳೆ ದ್ರಾವಣ ಬರುತ್ತದೆ. ಬಿಸಿ ಇರುವಾಗಲೇ 0.45 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್‌ನಲ್ಲಿ ಸೋಸಿ. ಸಿರಿಂಜ್ ಗಾಜಿನದೇ ಆಗಿರಲಿ. ಶುರುವಿನಲ್ಲಿ ನಾನು ರಬ್ಬರ್ ತುದಿಯ ಸಿರಿಂಜ್ ಬಳಸಿ ಮೂರು ವಾರ ಕಳೆದುಕೊಂಡೆ. ರಬ್ಬರ್ ಉಬ್ಬಿ, ಅದರ ಎಣ್ಣೆ ದ್ರಾವಣಕ್ಕೆ ಸೇರಿ, ಫಿಲ್ಮ್ ತುಂಬ ತೂತು ಬೀಳುತ್ತಿತ್ತು.

ಈಗ ಸ್ಪಿನ್ ಕೋಟರ್, ಅಂದರೆ ತುಂಡನ್ನು ಗರಗರ ತಿರುಗಿಸಿ ದ್ರಾವಣವನ್ನು ತೆಳುವಾಗಿ ಹರಡುವ ಯಂತ್ರ. ನಿಮಿಷಕ್ಕೆ 1500 ಸುತ್ತು, 60 ಸೆಕೆಂಡ್. ಮೊದಲು ಗಾಜಿನ ತುಂಡು ಇಡಿ. ಮುಚ್ಚಳದ ಮೇಲಿಂದ ಕಣ್ಣು ತೆಗೆಯಬೇಡಿ. ಕಿತ್ತಳೆ ನೀರು ಅಂಚಿಗೆ ಸಿಡಿದು ಹೋಗುತ್ತದೆ, ಸ್ವಲ್ಪ ಹೊತ್ತು ಮಾಸಲು ಕಿತ್ತಳೆ ಬಣ್ಣ ಇರುತ್ತದೆ, ಆಮೇಲೆ ನೋಡುತ್ತಿದ್ದಂತೆ ನೇರಳೆಗೆ ತಿರುಗುತ್ತದೆ. ದ್ರಾವಣದಲ್ಲಿ ಮುದುಡಿಕೊಂಡಿದ್ದ ಸರಪಳಿಗಳು ನೆಟ್ಟಗಾಗಿ ಒಂದರ ಮೇಲೊಂದು ಪೇರಿಸಿಕೊಳ್ಳುವ ಹೊತ್ತು ಅದು. ಚಾರ್ಜ್ ಓಡಾಡಲು ದಾರಿ ಆಗುವುದೂ ಹಾಗೆ ಪೇರಿಸಿಕೊಂಡಾಗಲೇ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಪದರ ಕಿತ್ತಳೆಯಾಗೇ ಉಳಿದರೆ ಮುಂದೆ ಹೋಗಬೇಡಿ, ಬಾಟಲಿ ಮೇಲೆ ರೀಜಿಯೋರೆಗ್ಯುಲರ್ ಅಂತ ಇದೆಯೋ ಇಲ್ಲವೋ ನೋಡಿ.

ಕರೆಂಟ್ ಹರಿಸುವ ಪ್ಲಾಸ್ಟಿಕ್‌ಗಳ ಈ ಕ್ಷೇತ್ರ ಶುರುವಾದದ್ದೂ ಹೀಗೆ ಬಣ್ಣ ನೋಡಿಯೇ ಅಲ್ವಾ? ಜಪಾನಿನಲ್ಲಿ ಶಿರಾಕಾವಾ ಅವರ ಲ್ಯಾಬಿನಲ್ಲಿ ಕ್ಯಾಟಲಿಸ್ಟ್ ಸಾವಿರ ಪಟ್ಟು ಜಾಸ್ತಿ ಬಿದ್ದು, ಪಾಲಿಅಸಿಟಿಲೀನ್ ಅನ್ನೋ ಪ್ಲಾಸ್ಟಿಕ್‌ನ, ಬೆಳ್ಳಿಯಂತೆ ಹೊಳೆಯುವ ಪೊರೆ ಸಿಕ್ಕಿತು. ಅದೇ ಹಾದಿ 2000ದಲ್ಲಿ ಅವರಿಗೂ ಹೀಗರ್, ಮ್ಯಾಕ್‌ಡಯಾರ್ಮಿಡ್ ಇಬ್ಬರಿಗೂ ನೊಬೆಲ್ ತಂದಿತು.

ಮತ್ತೆ ನಮ್ಮ ಫಿಲ್ಮ್‌ಗೆ ಬರೋಣ. ಅದನ್ನು ಗಾಳಿ ಸೇರದ ಪೆಟ್ಟಿಗೆಯಾದ ಗ್ಲೋವ್ ಬಾಕ್ಸ್ ಒಳಗೆ 120 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ. ಗಾಳಿಗೆ ಬಿಟ್ಟರೆ ಆಕ್ಸಿಜನ್ ಡೋಪ್ ಮಾಡುತ್ತದೆ, ಅಂದರೆ ಬೇಡದ ಚಾರ್ಜ್‌ಗಳನ್ನು ಹುಟ್ಟಿಸುತ್ತದೆ, ಟ್ರಾನ್ಸಿಸ್ಟರ್ ಆಫ್ ಆಗಬೇಕಾದಾಗ ಆಫ್ ಆಗುವುದಿಲ್ಲ. ಗಾಳಿಯ ಜೊತೆ ಬೆಳಕೂ ಸೇರಿದರೆ ಬಣ್ಣವೇ ಮಾಸುತ್ತದೆ.

ಲೇಸರ್ ಕಡೆ ಹೋಗುವವರು ಇದೇ ರೀತಿ, ಬೆಳಕು ಸೂಸುವ ಇನ್ನೊಂದು ಪ್ಲಾಸ್ಟಿಕ್ ಆದ ಎಂಇಎಚ್-ಪಿಪಿವಿ ಪದರ ಮಾಡಿ, ಸ್ವಲ್ಪ ದಪ್ಪಗೆ. ಅಲ್ಲಿ ಬೆಳಕು ಪದರದ ಉದ್ದಕ್ಕೂ ಸಾಗಬೇಕು, ಧೂಳು ಸಿಕ್ಕಿದಲ್ಲೆಲ್ಲ ಚದುರುತ್ತದೆ. ಕರೆಂಟಿನಿಂದಲೇ ಉರಿಯುವ ಸಾವಯವ ಲೇಸರ್ ಡಯೋಡ್ ಅನ್ನು ಕ್ಯೂಶು ವಿಶ್ವವಿದ್ಯಾಲಯದ ಅಡಾಚಿ ತಂಡ ವರದಿ ಮಾಡಿದ್ದು 2019ರಲ್ಲಷ್ಟೇ.

ಫಿಲ್ಮ್ ತುಂಡುಗಳನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ತಾರೀಕು ಬರೆದು, ಗ್ಲೋವ್ ಬಾಕ್ಸ್‌ನಲ್ಲೇ ಇಡಿ. ಆ ಗಾಜಿನ ತುಂಡನ್ನೂ ಎಸೆಯಬೇಡಿ. ಮುಂದಿನ ಸಲದ ಬಣ್ಣವನ್ನು ಅದರ ಪಕ್ಕದಲ್ಲಿಟ್ಟೇ ನೋಡಬೇಕು.