ರಂಜಾನ್‌ನಲ್ಲಿ ಕೈರೋ: ಸಂಜೆ ಟ್ಯಾಕ್ಸಿ ಯಾವಾಗ ಹತ್ತಬೇಕು
ರಂಜಾನ್ ತಿಂಗಳಲ್ಲಿ ಕೈರೋಗೆ ಹೋಗುವವರು ಸೂರ್ಯಾಸ್ತದ ಹಿಂದಿನ ಎರಡು ಗಂಟೆ ಟ್ಯಾಕ್ಸಿ ಹತ್ತಲೇಬೇಡಿ. ಮಗ್ರಿಬ್ ಆಜಾನ್ (ಸೂರ್ಯಾಸ್ತದ ನಮಾಜಿನ ಕರೆ) ಆಗಿ ಅರ್ಧ ಗಂಟೆ ಕಳೆದ ಮೇಲೆ ಹೊರಡಿ. ಉಪವಾಸ ಬಿಡಲು ಊರಿಗೆ ಊರೇ ಒಟ್ಟಿಗೆ ಮನೆ ಕಡೆ ಹೊರಟಿರುತ್ತದೆ, ಆಜಾನ್ ಕೇಳಿದ್ದೇ ತಡ ರಸ್ತೆ ಖಾಲಿ. ಆ ಮೊದಲ ಅರ್ಧ ಗಂಟೆ ಮಾತ್ರ ಚಾಲಕರೂ ಊಟಕ್ಕೆ ಕೂತಿರುತ್ತಾರೆ, ಗಾಡಿ ಸಿಗುವುದು ಕಷ್ಟ. ರಂಜಾನ್ ರಾತ್ರಿಗಳ ವಿಶೇಷ ತರಾವೀಹ್ ನಮಾಜ್ ಮುಗಿದ ಮೇಲೆ ಜನ ಮತ್ತೆ ಹೊರಬರುವುದರಿಂದ ಖಾನ್ ಎಲ್-ಖಲೀಲಿ ಹಳೇ ಮಾರುಕಟ್ಟೆ, ಹುಸೇನ್ ಮಸೀದಿ ಕಡೆ ತಡರಾತ್ರಿ ಈ ಲೆಕ್ಕ ನಡೆಯದು. ಸಂಜೆ ವಿಮಾನವಿದ್ದರೆ ಮಧ್ಯಾಹ್ನವೇ ಹೊರಟುಬಿಡಿ. ದಾರಿಯಲ್ಲೇ ಆಜಾನ್ ಆದರೆ ಸಿಗ್ನಲ್ ಹತ್ತಿರ ಹುಡುಗರು ಕಿಟಕಿಯೊಳಗೆ ಖರ್ಜೂರ, ನೀರು ಚಾಚುತ್ತಾರೆ. ಬಲಗೈಯಲ್ಲಿ ತೆಗೆದುಕೊಳ್ಳಿ, ಮೊದಲು ಚಾಲಕ ಬಾಯಿಗೆ ಹಾಕಲಿ. ದುಡ್ಡು ಕೊಡಲು ಹೋಗಬೇಡಿ, ಅದು ದಾನ.