ಮುಕ್ತಿನಾಥಕ್ಕೆ ಹೊರಡುವ ಮುಂಚೆ ಅಪ್ಪನ ಬಿ.ಪಿ. ಮಾತ್ರೆಯ ಹೆಸರು ಬರೆಸಿದ್ದು

ಅಪ್ಪನಿಗೆ ನೇಪಾಳದ ಮುಕ್ತಿನಾಥ ದೇವಸ್ಥಾನ ನೋಡುವ ಆಸೆ ಬಹಳ ವರ್ಷದ್ದು. ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ರೇಷ್ಮೆ ಹುಳು ಸಾಕುವ ಮನೆಯವರಿಗೆ ಹತ್ತು ಹನ್ನೆರಡು ದಿನ ಊರು ಬಿಡುವುದು ಸುಲಭವಲ್ಲ. ಹೋದ ವರ್ಷ ಒಂದು ಬೆಳೆ ಗೂಡು ಮಾರುಕಟ್ಟೆಗೆ ಹಾಕಿದ ಮೇಲೆ ಹೊಸ ಚಾಕಿ, ಅಂದರೆ ಮರಿ ಹುಳು, ತರಲಿಲ್ಲ. ಅಪ್ಪ, ಅಮ್ಮ, ಚಿಕ್ಕಮ್ಮ, ನಾನು, ನಾಲ್ಕೂ ಜನ ಹೊರಟೆವು.

ಇನ್ಶೂರೆನ್ಸ್ ಮಾಡಿಸೋಣ ಅಂದಾಗ ಅಪ್ಪ ಒಪ್ಪಲಿಲ್ಲ. "ನೇಪಾಳ ಅಂದ್ರೆ ಪಶುಪತಿನಾಥನ ಊರು ಕಣಮ್ಮ. ವೀಸಾ ಇಲ್ಲ, ಏನಿಲ್ಲ. ಅದ್ಯಾವ ಫಾರಿನ್ನು?" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ನಮ್ಮ ಆರೋಗ್ಯ ವಿಮೆಯ ಪಾಲಿಸಿ ತೆಗೆದು ಪೂರ್ತಿ ಓದಿದೆ. ಚಿಕಿತ್ಸೆ ಭಾರತದೊಳಗೆ ಮಾತ್ರ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸೊನೌಲಿ ಗಡಿಯ ಗೇಟು ದಾಟಿದ ಮೇಲೆ ಆ ಕಾರ್ಡಿಗೆ ಬೆಲೆಯಿಲ್ಲ. ಯಾತ್ರೆಗೆ ಹೊರಡುವವರು ಎಲ್ಲಕ್ಕಿಂತ ಮೊದಲು ಈ ಒಂದು ಸಾಲನ್ನು ತಮ್ಮ ಪಾಲಿಸಿಯಲ್ಲಿ ಹುಡುಕಿ ನೋಡಬೇಕು ಅಂತ ನಾನು ಕೈ ಮುಗಿದು ಹೇಳುತ್ತೇನೆ.

ಗೋರಖ್‌ಪುರದವರೆಗೆ ರೈಲು. ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ತಲೆಗೆ 45 ಪೈಸೆಯ ವಿಮೆ ಕೇಳುತ್ತದಲ್ಲ, ಅದಕ್ಕೆ ಟಿಕ್ ಹಾಕಿದೆ. ರೈಲು ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ, ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ ಕೊಡುತ್ತಾರೆ. ಆದರೆ ಅದು ರೈಲು ಅಪಘಾತಕ್ಕೆ ಮಾತ್ರ, ದಾರಿಯಲ್ಲಿ ಜ್ವರ ಬಂದರೆ ಇಲ್ಲ. ಆಮೇಲೆ ಮೊಬೈಲಿಗೆ ಬರುವ ಲಿಂಕಿನಲ್ಲಿ ನಾಮಿನಿ ಹೆಸರು ತುಂಬಬೇಕು. ಬಹಳ ಜನ ಅದನ್ನು ತೆರೆಯುವುದೇ ಇಲ್ಲ.

ನೇಪಾಳಕ್ಕೆ ಬೇರೆ ಪ್ರವಾಸ ವಿಮೆ ತೆಗೆದುಕೊಂಡೆವು. ರಸ್ತೆ ಮೇಲೆ ಗಡಿ ದಾಟಲು ಪಾಸ್‌ಪೋರ್ಟ್ ಬೇಕಿಲ್ಲ, ವೋಟರ್ ಐಡಿ ಸಾಕು. ವಿಮೆಯ ಅರ್ಜಿಯಲ್ಲಿ ಮಾತ್ರ ಪಾಸ್‌ಪೋರ್ಟ್ ನಂಬರ್ ಕೇಳಿದರು, ಮೊದಲು ಅದನ್ನು ಮಾಡಿಸಿದೆವು. ಅಪ್ಪನಿಗೆ 67 ವರ್ಷ, ದಿನಾ ಬಿ.ಪಿ. ಮಾತ್ರೆ ತಗೊಳ್ತಾರೆ. ಅರ್ಜಿ ತುಂಬಿದ ಏಜೆಂಟರು "ಅದೆಲ್ಲ ಬರೆಯೋದು ಬೇಡ ಮೇಡಂ, ಪ್ರೀಮಿಯಂ ಜಾಸ್ತಿಯಾಗುತ್ತೆ" ಅಂದರು. ನಾನು ಹಠ ಹಿಡಿದು ಮಾತ್ರೆಯ ಹೆಸರನ್ನೂ ಬರೆಸಿದೆ. ಪ್ರೀಮಿಯಂ ಸ್ವಲ್ಪ ಏರಿತು. ನಾಲ್ಕೂ ಜನಕ್ಕೆ ಹನ್ನೆರಡು ದಿನಕ್ಕೆ ಆರು ಸಾವಿರದ ಹತ್ತಿರ ಬಂತು.

ಇನ್ನೊಂದು ಅನುಮಾನ ಉಳಿದಿತ್ತು. ಮುಕ್ತಿನಾಥ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಪಾಲಿಸಿಯಲ್ಲಿ ಪರ್ವತಾರೋಹಣ, ಟ್ರೆಕ್ಕಿಂಗ್‌ಗೆ ವಿಮೆ ಇಲ್ಲ ಅಂತಿತ್ತು. ನಾವು ಹೋಗುವುದು ಜೀಪಿನಲ್ಲಿ. ಅಲ್ಲಿ ಎತ್ತರದಿಂದಲೇ ಆರೋಗ್ಯ ಕೆಟ್ಟರೆ ಕೊಡುತ್ತೀರಾ ಅಂತ ಕಂಪನಿಗೆ ಇಮೇಲ್ ಬರೆದೆ. ಫೋನಿನಲ್ಲಿ "ಹೂಂ, ಕೊಡ್ತೀವಿ" ಅಂದರು, ನಾನು ಬಿಡಲಿಲ್ಲ. ನಾಲ್ಕು ದಿನದ ಮೇಲೆ ಕೊಡುತ್ತೇವೆ ಅಂತ ಬರಹದಲ್ಲಿ ಉತ್ತರ ಬಂತು. ಅದನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಂಡೆ.

ನೇಪಾಳದ ಪೋಖರಾ ನಗರ ಇರುವುದು 800 ಮೀಟರ್ ಚಿಲ್ಲರೆ ಎತ್ತರದಲ್ಲಿ. ಅಲ್ಲಿಂದ ಒಂದೇ ದಿನದಲ್ಲಿ ಜೀಪಿನಲ್ಲಿ ಮೇಲಕ್ಕೆ ಹತ್ತಿಬಿಟ್ಟೆವು. ಇದು ನಮ್ಮ ತಪ್ಪು. ದಾರಿಯಲ್ಲಿ ಸಿಗುವ, 2,700 ಮೀಟರ್ ಎತ್ತರದ ಜೋಮ್‌ಸೋಮ್ ಊರಿನಲ್ಲಿ ಒಂದು ರಾತ್ರಿ ಉಳಿಯಬೇಕಿತ್ತು. ದೇವಸ್ಥಾನದ ಹಿಂದೆ 108 ಧಾರೆಗಳಿವೆ, ಮಂಜಿನಂಥ ನೀರು. ಅಪ್ಪ ಒಂದನ್ನೂ ಬಿಡದೆ ತಲೆ ಒಡ್ಡಿದರು. ಅವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿದ್ದು ಕಡಿಮೆ. ಸಾಯಂಕಾಲ ತಲೆನೋವು ಶುರುವಾಯಿತು, ಆಮೇಲೆ ವಾಂತಿ. ರಾತ್ರಿ ಹತ್ತಕ್ಕೆ ಮಲಗಿದ್ದಲ್ಲೇ ಉಸಿರು ಸಿಗುತ್ತಿಲ್ಲ ಅಂತ ಎದ್ದು ಕೂತರು. ಎತ್ತರದ ಕಾಯಿಲೆಗೆ ಮೊದಲ ಔಷಧಿ ಕೆಳಗಿಳಿಯುವುದು. ಲಾಡ್ಜಿನವರೇ ಜೀಪ್ ಹೊಂದಿಸಿಕೊಟ್ಟರು. ಜೋಮ್‌ಸೋಮ್‌ನಲ್ಲಿ ಆಮ್ಲಜನಕ ಹಾಕಿದರು. ಬೆಳಿಗ್ಗೆ ವಿಮಾನಕ್ಕೆ ಕಾದೆವು. ಆ ಕಣಿವೆಯಲ್ಲಿ ಹೊತ್ತು ಏರಿದಂತೆ ಗಾಳಿ ಜೋರಾಗುತ್ತದೆ, ವಿಮಾನ ಹಾರುವುದು ಬೆಳಗಿನ ಹೊತ್ತು. ಅವತ್ತು ಅದೂ ರದ್ದಾಯಿತು. ಮತ್ತೆ ರಸ್ತೆಯಲ್ಲೇ ಆಮ್ಲಜನಕದ ಸಿಲಿಂಡರ್ ಇಟ್ಟುಕೊಂಡು ಪೋಖರಾ ತಲುಪಿ ಆಸ್ಪತ್ರೆ ಸೇರಿಸಿದೆವು. ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂದರು. ಮೂರು ರಾತ್ರಿ ಅಲ್ಲಿದ್ದೆವು.

ಜೋಮ್‌ಸೋಮ್‌ನಿಂದಲೇ ಪಾಲಿಸಿಯಲ್ಲಿದ್ದ 24 ಗಂಟೆಯ ನಂಬರಿಗೆ ಕರೆ ಮಾಡಿ ಕೇಸ್ ನಂಬರ್ ಬರೆಸಿಕೊಂಡಿದ್ದೆ. ಆ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್, ಅಂದರೆ ವಿಮಾ ಕಂಪನಿಯೇ ನೇರವಾಗಿ ಬಿಲ್ಲು ಕಟ್ಟುವ ವ್ಯವಸ್ಥೆ, ಇರಲಿಲ್ಲ. ಬಿಲ್ಲು 1,12,000 ನೇಪಾಳಿ ರೂಪಾಯಿ ಬಂತು. ನಮ್ಮ ಒಂದು ರೂಪಾಯಿಗೆ ಅಲ್ಲಿನ 1.60, ಲೆಕ್ಕ ಹಾಕಿದರೆ 70,000. ಅದನ್ನು ನಾವೇ ಕಟ್ಟಿದೆವು, ಗೂಡು ಮಾರಿದ ದುಡ್ಡು ಅದು. ಹಣ ಇಲ್ಲದವರು ಆ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ಹಿಂಡುತ್ತದೆ. ವಿಮೆ ಇದ್ದರೂ ಕೈಯಲ್ಲಿ, ಕಾರ್ಡಿನಲ್ಲಿ ಒಂದಷ್ಟು ಹಣ ಇರಲೇಬೇಕು.

ಊರಿಗೆ ಬಂದು ಕ್ಲೇಮ್ ಹಾಕಿದೆ. ಅವರು ಎರಡು ತಕರಾರು ತೆಗೆದರು. ಇದು ಹಳೆಯ ಬಿ.ಪಿ.ಯಿಂದ ಬಂದದ್ದಲ್ಲವೇ ಎಂಬುದು ಒಂದು. ಡಿಸ್ಚಾರ್ಜ್ ಚೀಟಿಯಲ್ಲಿ ಎತ್ತರದಿಂದಾದ ತೊಂದರೆ ಅಂತ ವೈದ್ಯರು ಬರೆದಿದ್ದರು. ಬಿ.ಪಿ. ವಿಷಯವನ್ನು ನಾವು ಮುಚ್ಚಿಟ್ಟಿರಲಿಲ್ಲ, ಕಂಪನಿಯ ಇಮೇಲೂ ಕೈಯಲ್ಲಿತ್ತು. ಅಲ್ಲಿಗೆ ಆ ಮಾತು ನಿಂತಿತು. ಇನ್ನೊಂದು, ಪಾಸ್‌ಪೋರ್ಟಿನಲ್ಲಿ ದೇಶ ಬಿಟ್ಟ ಮುದ್ರೆ ಎಲ್ಲಿ ಅಂತ. ರಸ್ತೆಯಲ್ಲಿ ನೇಪಾಳಕ್ಕೆ ಹೋಗುವ ಭಾರತೀಯರಿಗೆ ಮುದ್ರೆ ಹಾಕುವುದೇ ಇಲ್ಲ! ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರ್ಮಿಟ್ ಇದೆಯಲ್ಲ, ನಮ್ಮವರಿಗೆ ಅಲ್ಲಿನ 1,000 ರೂಪಾಯಿ, ಅದರಲ್ಲಿ ಅಪ್ಪನ ಹೆಸರು, ಫೋಟೋ, ತಾರೀಖು ಇತ್ತು. ಅದನ್ನೂ ರೈಲು ಟಿಕೆಟ್, ಲಾಡ್ಜ್ ಬಿಲ್ಲುಗಳನ್ನೂ ಕಳಿಸಿದೆ. ಎರಡು ತಿಂಗಳಾಗುವಷ್ಟರಲ್ಲಿ ದುಡ್ಡು ಬಂತು. ಪಾಲಿಸಿಯ ನಿಯಮದಂತೆ ನಾವೇ ಹೊರಬೇಕಾದ 100 ಡಾಲರ್ ಹಿಡಿದುಕೊಂಡಿದ್ದರು. ರಾತ್ರಿಯ ಜೀಪಿನ ಬಾಡಿಗೆ ಬರಲಿಲ್ಲ. ಆ ಗಾಬರಿಯಲ್ಲಿ ಬಿಲ್ಲು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕ್ಲೇಮ್ ತಿರಸ್ಕರಿಸಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ನಮ್ಮ ಬೀದಿಯ ಎರಡು ಮನೆಯವರು ಈಗ ಮುಕ್ತಿನಾಥಕ್ಕೆ ಹೊರಟಿದ್ದಾರೆ. ಕಂಪನಿಗೆ ಬರೆದ ಇಮೇಲನ್ನು ಅವರಿಗೆ ಕಳಿಸಿದ್ದೇನೆ, ಅವರ ಹೆಸರು, ವಯಸ್ಸು ಹಾಕಿಕೊಂಡರೆ ಆಯಿತು. ಅಪ್ಪ ಅವರ ಜಗಲಿ ಮೇಲೆ ಕೂತು ಹೇಳಿದ್ದು ಒಂದೇ ಮಾತು: "ಜೋಮ್‌ಸೋಮ್‌ನಾಗೆ ಒಂದ್ ರಾತ್ರಿ ಮಲಗಿ ಹೋಗ್ರಪ್ಪ."